ಸೂರ್ಯನ ಕಲೆಗಳು, ಸಂಭವದ ಲೆಕ್ಕ ಮತ್ತು ನಮ್ಮ ಶಾಲೆಗಳು

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ಸೌರಕಲೆಗಳ ಕಾಂತಕ್ಷೇತ್ರವನ್ನು ಕುರಿತು ಬರೆಯುವೆನೆಂದೆ. ಅವರು ಕ್ಷಣಕಾಲ ಸುಮ್ಮನಿದ್ದು, "ಮೇಷ್ಟ್ರೇ, ಅದರಲ್ಲಿ ಶಾಲೆಯ ವಿಚಾರವೇನಾದರೂ ಬರುವುದೇ?" ಎಂದರು. ಬರುತ್ತದೆ. ಆದರೆ ಅಲ್ಲಿಗೆ ತಲುಪಲು ಸೂರ್ಯನವರೆಗೆ ಹೋಗಿ ಬರಬೇಕಾದುದರಿಂದ ವಾಚಕರು ಸ್ವಲ್ಪ ತಾಳ್ಮೆಯಿಂದ ನನ್ನೊಡನೆ ಬರಬೇಕೆಂದು ಪ್ರಾರ್ಥಿಸುತ್ತೇನೆ.

ಚನ್ನಗಿರಿ, ಹೊನ್ನಾಳಿ, ಜಗಳೂರುಗಳಲ್ಲಿಯೂ, ಹೊನ್ನಾಳಿ ತಾಲ್ಲೂಕಿಗೇ ಸೇರಿದ್ದ ಕಾಲದ ನ್ಯಾಮತಿಯಲ್ಲಿಯೂ ವಿಜ್ಞಾನ ಬೋಧಿಸಿ ನಿವೃತ್ತನಾದವನು ನಾನು. ನನ್ನ ವೃತ್ತಿಜೀವನವನ್ನು ಹಿಂದಿರುಗಿ ನೋಡಿದಾಗ ಒಂದು ಕೊರತೆ ನನ್ನನ್ನು ಕಾಡುತ್ತದೆ. ಮಕ್ಕಳಿಗೆ ನಾವು ಖಚಿತವಾದುದನ್ನು ಮಾತ್ರ ಕಲಿಸಿದೆವು. ನೀರು ಇಷ್ಟು ಉಷ್ಣತೆಯಲ್ಲಿ ಕುದಿಯುತ್ತದೆ, ಬೆಳಕು ಇಷ್ಟು ವೇಗದಲ್ಲಿ ಸಾಗುತ್ತದೆ ಎಂದು ಕಂಠಪಾಠ ಮಾಡಿಸಿದೆವು. ಖಚಿತವಲ್ಲದುದನ್ನು ಅಳೆದು, "ಇಷ್ಟರಮಟ್ಟಿಗೆ ಆಗಬಹುದು, ಇಷ್ಟರಮಟ್ಟಿಗೆ ಆಗದಿರಬಹುದು" ಎಂದು ಪ್ರಾಮಾಣಿಕವಾಗಿ ಹೇಳುವ ವಿದ್ಯೆಯನ್ನು ಕಲಿಸಲಿಲ್ಲ. ಆ ವಿದ್ಯೆಯನ್ನು ಕಲಿಸಲು ಸೂರ್ಯಮಂಡಲದ ಮೇಲಿನ ಕಪ್ಪು ಚುಕ್ಕೆಗಳಿಗಿಂತ ಉತ್ತಮವಾದ, ಅಷ್ಟೇ ಅಗ್ಗವಾದ ಪಠ್ಯವಸ್ತು ನಮ್ಮ ಶಾಲೆಗಳಿಗೆ ದೊರೆಯಲಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವಿಚಾರ ನನ್ನಲ್ಲಿ ಮೂಡಿದ್ದು 2024ರ ಮೇ ತಿಂಗಳಿನಲ್ಲಿ. ಆ ತಿಂಗಳ 10 ಮತ್ತು 11ರಂದು ಭೂಮಿಯ ಮೇಲೆ ಅತ್ಯುಗ್ರ ದರ್ಜೆಯ ಕಾಂತೀಯ ಬಿರುಗಾಳಿ ಎರಗಿತು. 2003ರ ಅಕ್ಟೋಬರ್ ನಂತರ ಅಂಥದು ಬಂದಿರಲಿಲ್ಲ. ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಮೇಲಿನ ಆಕಾಶ ಕೆಂಪೇರಿತು. ಧ್ರುವಪ್ರದೇಶದವರು ಮಾತ್ರ ಕಾಣುವ ಪ್ರಭೆ ನಮ್ಮ ದೇಶದ ಕ್ಯಾಮೆರಾಗಳಲ್ಲಿ ಸೆರೆಯಾಯಿತು. ಅದೇ ಸಮಯಕ್ಕೆ ಚನ್ನಗಿರಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಅಡಿಕೆ ತೋಟದ ಯಜಮಾನ, ಗಾಬರಿಯಿಂದ ದೂರವಾಣಿ ಮಾಡಿದ. "ಸಾರ್, ರಾತ್ರಿ ಮೊಬೈಲು ಆರಿಸಿಡಬೇಕಂತೆ, ಪಂಪ್‌ಸೆಟ್ಟಿನ ಸ್ಟಾರ್ಟರು ಸುಟ್ಟುಹೋಗ್ತದಂತೆ, ನಿಜವಾ?" ನಾನು ನಕ್ಕು ಸಮಾಧಾನ ಹೇಳಿದೆ. ಫೋನು ಇಟ್ಟ ಮೇಲೆ ನಗು ಬರಲಿಲ್ಲ. ಅವನಿಗೆ ವಿಜ್ಞಾನ ಕಲಿಸಿದವನು ನಾನೇ. ಅಯಸ್ಕಾಂತದ ಪಾಠದಲ್ಲಿ ಅವನಿಗೆ ಐವತ್ತಕ್ಕೆ ನಲವತ್ತೆಂಟು ಅಂಕ ಕೊಟ್ಟವನೂ ನಾನೇ.

ಅವನನ್ನು ದೂಷಿಸುವ ಅಧಿಕಾರವೂ ನನಗಿಲ್ಲ. 1980ರ ಫೆಬ್ರವರಿ 16, ಶನಿವಾರ. ಅಂಕೋಲೆ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಪೂರ್ಣ ಸೂರ್ಯಗ್ರಹಣದ ನೆರಳು ಹಾದುಹೋಯಿತು. ನಮ್ಮ ಭಾಗದಲ್ಲಿಯೂ ಸೂರ್ಯಬಿಂಬದ ಬಹುಭಾಗ ಮರೆಯಾಯಿತು. ಜಗತ್ತಿನ ನಾನಾ ಕಡೆಗಳಿಂದ ವಿಜ್ಞಾನಿಗಳು ಉಪಕರಣಗಳನ್ನು ಹೊತ್ತುತಂದು ನಮ್ಮ ನಾಡಿನ ಬಯಲಲ್ಲಿ ಬೀಡುಬಿಟ್ಟಿದ್ದಾಗ, ಹೊಸದಾಗಿ ಕೆಲಸಕ್ಕೆ ಸೇರಿದ್ದ ವಿಜ್ಞಾನದ ಉಪಾಧ್ಯಾಯನಾದ ನಾನು ಕದ ಮುಚ್ಚಿ, ಕಿಟಕಿಗೆ ಕಂಬಳಿ ಕಟ್ಟಿ ಒಳಗೆ ಕುಳಿತಿದ್ದೆ. ಸೋಮವಾರ ಹುಡುಗನೊಬ್ಬ, "ಸಾರ್, ನೀವು ನೋಡಿದ್ರಾ?" ಎಂದು ಕೇಳಿದ. ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ. ಅದಕ್ಕೂ ನೂರು ವರ್ಷಗಳ ಹಿಂದೆಯೇ, 1868ರ ಆಗಸ್ಟ್ 18ರ ಗ್ರಹಣಕ್ಕೆ ಜಾನ್ ಹರ್ಷೆಲ್ ಜಮಖಂಡಿಗೂ, 1871ರ ಡಿಸೆಂಬರ್ 12ರ ಗ್ರಹಣಕ್ಕೆ ನಾರ್ಮನ್ ಲಾಕ್ಯರ್ ಕಾಸರಗೋಡಿನ ಬೇಕಲಕ್ಕೂ ಬಂದು ಸೂರ್ಯನನ್ನು ವೀಕ್ಷಿಸಿದ್ದರೆಂದು ನಾನು ಓದಿದ್ದು ಬಹಳ ತಡವಾಗಿ. ಇರಲಿ.

ಇನ್ನು ವಿಷಯಕ್ಕೆ ಬರೋಣ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5800 ಕೆಲ್ವಿನ್. ಕಲೆಯ ನಡುಭಾಗದಲ್ಲಿ ಅದು ಸುಮಾರು 4000ಕ್ಕೆ ಇಳಿದಿರುತ್ತದೆ. ಸುತ್ತಲಿನದಕ್ಕಿಂತ ತಂಪಾದುದರಿಂದ ಅದು ಕಪ್ಪಾಗಿ ಕಾಣುತ್ತದೆ. ನಮ್ಮ ಪಠ್ಯಪುಸ್ತಕಗಳು ಇಷ್ಟು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತವೆ. ಆದರೆ ಅದು ತಂಪಾಗಿರುವುದೇಕೆ ಎಂಬಲ್ಲಿಂದಲೇ ನಿಜವಾದ ಪಾಠ ಆರಂಭವಾಗುತ್ತದೆ. 1908ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಜಾರ್ಜ್ ಎಲರಿ ಹೇಲ್, ಕಲೆಗಳಿಂದ ಬರುವ ಬೆಳಕಿನ ರೋಹಿತರೇಖೆಗಳು ಸೀಳಿರುವುದನ್ನು ಕಂಡನು. ಬಲವಾದ ಕಾಂತಕ್ಷೇತ್ರದಲ್ಲಿ ರೇಖೆಗಳು ಹೀಗೆ ಸೀಳುತ್ತವೆಂಬುದನ್ನು ಪೀಟರ್ ಜೀಮನ್ 1896ರಲ್ಲಿಯೇ ಪ್ರಯೋಗಶಾಲೆಯಲ್ಲಿ ತೋರಿಸಿದ್ದನು. ಹಾಗಾದರೆ ಸೌರಕಲೆ ಒಂದು ಅಯಸ್ಕಾಂತ! ಅದರ ಬಲ ಸುಮಾರು 3000 ಗೌಸ್. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ನಮ್ಮ ಭೂಮಿಯ ಕ್ಷೇತ್ರವಾದರೋ ಅರ್ಧ ಗೌಸಿನ ಆಸುಪಾಸು. ಅಷ್ಟು ಬಲವಾದ ಕ್ಷೇತ್ರ ಕೆಳಗಿನಿಂದ ಕುದಿದು ಬರುವ ಶಾಖವನ್ನು ತಡೆಹಿಡಿಯುವುದರಿಂದಲೇ ಕಲೆ ತಂಪಾಗುತ್ತದೆ.

ಈ ಅಯಸ್ಕಾಂತ ಹುಟ್ಟುವ ಬಗೆ ವಿಚಿತ್ರವಾದುದು. ಸೂರ್ಯ ಗಟ್ಟಿಯಾದ ಗೋಳವಲ್ಲ. ಅದರ ಸಮಭಾಜಕದ ಭಾಗ ಸುಮಾರು 25 ದಿನಗಳಲ್ಲಿ ಒಂದು ಸುತ್ತು ಮುಗಿಸಿದರೆ, ಧ್ರುವಗಳ ಸಮೀಪದ ಭಾಗಕ್ಕೆ ಸುಮಾರು 35 ದಿನಗಳು ಬೇಕು. ಕಾಂತರೇಖೆಗಳು ಸೂರ್ಯದ್ರವ್ಯಕ್ಕೆ ಅಂಟಿಕೊಂಡೇ ಚಲಿಸುವುದರಿಂದ, ಈ ಏರುಪೇರಿನ ಓಟದಲ್ಲಿ ಅವು ಹೊಸೆದುಕೊಳ್ಳುತ್ತವೆ. ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹುರಿ ಮಿತಿಮೀರಿದರೆ ಹಗ್ಗ ನೆಟ್ಟಗೆ ನಿಲ್ಲದೆ ಅಲ್ಲಲ್ಲಿ ಕುಣಿಕೆಯಾಗಿ ಎದ್ದುಬಿಡುತ್ತದೆ. ಸೂರ್ಯನ ಒಳಗಿನ ಕಾಂತರಜ್ಜುಗಳೂ ಹಾಗೆಯೇ ಕುಣಿಕೆಯಾಗಿ ಮೇಲ್ಮೈಯನ್ನು ಸೀಳಿ ಹೊರಬರುತ್ತವೆ. ಕುಣಿಕೆ ಹೊರಬಂದ ಕಡೆ ಒಂದು ಧ್ರುವ, ಮತ್ತೆ ಒಳಹೊಕ್ಕ ಕಡೆ ಇನ್ನೊಂದು ಧ್ರುವ. ಆದುದರಿಂದಲೇ ಕಲೆಗಳು ಸಾಮಾನ್ಯವಾಗಿ ಜೋಡಿಯಾಗಿ, ಗುಂಪಾಗಿ ಕಾಣುತ್ತವೆ.

ಈ ಗುಂಪುಗಳನ್ನು ಅವುಗಳ ಕಾಂತೀಯ ರಚನೆಯ ಪ್ರಕಾರ ವಿಂಗಡಿಸುವ ಪದ್ಧತಿಯನ್ನು ಹೇಲ್ ಮತ್ತು ಅವನ ಸಹೋದ್ಯೋಗಿಗಳು 1919ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಒಂದೇ ಧ್ರುವದ ಕಲೆ ಆಲ್ಫಾ. ಉತ್ತರ ದಕ್ಷಿಣ ಧ್ರುವಗಳೆರಡೂ ಇದ್ದು, ನಡುವೆ ಸ್ಪಷ್ಟವಾದ ಗಡಿರೇಖೆ ಎಳೆಯಬಹುದಾದುದು ಬೀಟಾ. ಗಡಿ ಎಳೆಯಲಾರದಂತೆ ಧ್ರುವಗಳು ಬೆರೆತುಹೋಗಿದ್ದರೆ ಗ್ಯಾಮಾ. ಇವುಗಳಿಗೆ 1960ರಲ್ಲಿ ಜರ್ಮನಿಯ ಕ್ಯೂನ್ಜೆಲ್ ಇನ್ನೊಂದನ್ನು ಸೇರಿಸಿದನು: ಡೆಲ್ಟಾ. ನಮ್ಮ ಕಥೆಯ ನಾಯಕ, ಅಥವಾ ಖಳನಾಯಕ, ಈ ಡೆಲ್ಟಾವೇ.

ದೊಡ್ಡ ಕಲೆಯನ್ನು ಗಮನಿಸಿದರೆ ನಡುವೆ ಕಡುಕಪ್ಪಾದ ತಿರುಳೂ ಸುತ್ತ ಬೂದುಬಣ್ಣದ ಅರೆನೆರಳೂ ಕಾಣುತ್ತವೆ. ವಿರುದ್ಧ ಧ್ರುವಗಳ ಎರಡು ಕಪ್ಪು ತಿರುಳುಗಳು ಒಂದೇ ಅರೆನೆರಳಿನೊಳಗೆ ಸಿಕ್ಕಿಬಿದ್ದಿದ್ದರೆ ಅದು ಡೆಲ್ಟಾ. ಅಣ್ಣತಮ್ಮಂದಿರು ಬೇರೆಯಾಗಿ ಬೇರೆ ಬೇರೆ ಕೇರಿಗಳಲ್ಲಿ ಮನೆ ಕಟ್ಟಿಕೊಂಡರೆ ಜಗಳ ಕಡಿಮೆ. ಮನಸ್ಸು ಮುರಿದ ಮೇಲೂ ಒಂದೇ ಸೂರಿನಡಿ ಎರಡು ಒಲೆ ಹೂಡಿದರೆ ನಿತ್ಯವೂ ಕಿಡಿ. ಬೀಟಾ ಗುಂಪು ಮೊದಲನೆಯ ಬಗೆಯದು, ಡೆಲ್ಟಾ ಎರಡನೆಯದು. ಎದುರುಬದುರಾದ ಧ್ರುವಗಳು ಒಂದನ್ನೊಂದು ಒತ್ತುತ್ತ ಉಜ್ಜುತ್ತ ಸರಿದಾಗ ನಡುವಣ ಕಾಂತರೇಖೆಗಳು ಗಡಿಗೆ ಅಡ್ಡಲಾಗಿ ಹಾಯುವ ಬದಲು ಗಡಿಯುದ್ದಕ್ಕೂ ಜಗ್ಗಿ ನಿಲ್ಲುತ್ತವೆ. ಹೀಗೆ ಜಗ್ಗಿದ ರೇಖೆಗಳಲ್ಲಿ ಶಕ್ತಿ ಸಂಚಯವಾಗುತ್ತದೆ. ಯಾವುದೋ ಒಂದು ಘಳಿಗೆಯಲ್ಲಿ ರೇಖೆಗಳು ತುಂಡಾಗಿ ಹೊಸ ರೀತಿಯಲ್ಲಿ ಬೆಸೆದುಕೊಂಡು, ಸಂಚಿತ ಶಕ್ತಿಯೆಲ್ಲ ಕೆಲವೇ ನಿಮಿಷಗಳಲ್ಲಿ ಬೆಳಕು, ಕ್ಷಕಿರಣ, ವೇಗದ ಕಣಗಳ ರೂಪದಲ್ಲಿ ಹೊರಚಿಮ್ಮುತ್ತದೆ. ಅದೇ ಸೌರಜ್ವಾಲೆ. ಕ್ಷಕಿರಣದ ತೀವ್ರತೆಯನ್ನು ಅನುಸರಿಸಿ ಜ್ವಾಲೆಗಳಿಗೆ ಎ, ಬಿ, ಸಿ, ಎಂ, ಎಕ್ಸ್ ಎಂದು ದರ್ಜೆಗಳಿವೆ. ಒಂದೊಂದು ಮೆಟ್ಟಿಲಿಗೂ ತೀವ್ರತೆ ಹತ್ತು ಪಟ್ಟು. ಎಕ್ಸ್ ಎಂಬುದು ಎಲ್ಲಕ್ಕಿಂತ ಮೇಲಿನದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಕಲೆ ದೊಡ್ಡದಾದಷ್ಟೂ ಅಪಾಯ ಹೆಚ್ಚೆಂದು ಪತ್ರಿಕೆಗಳು ಬರೆಯುತ್ತವೆ. ಗಾತ್ರಕ್ಕೆ ಬೆಲೆಯಿಲ್ಲವೆಂದಲ್ಲ, ಆದರೆ ದೊಡ್ಡದಾಗಿಯೂ ಸರಳವಾಗಿರುವ ಕಲೆ, ಸಾಧುವಾದ ಆನೆಯಂತೆ, ಎರಡು ವಾರಗಳಲ್ಲಿ ಬಿಂಬದ ಒಂದಂಚಿನಿಂದ ಇನ್ನೊಂದಂಚಿಗೆ ನಡೆದು ಮರೆಯಾಗಿಬಿಡಬಹುದು. ಗಾತ್ರದ ಜೊತೆಗೆ ತೊಡಕೂ ಇರಬೇಕು. ಸ್ಯಾಮಿಸ್, ಟ್ಯಾಂಗ್ ಮತ್ತು ಜಿರಿನ್ ಎಂಬ ಮೂವರು ಎಂಟು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ಬಹು ಉಪಯುಕ್ತವಾದುದು. ಗೋಚರ ಸೌರಾರ್ಧದ ಹತ್ತು ಲಕ್ಷ ಭಾಗಗಳಲ್ಲಿ ಸಾವಿರ ಭಾಗಕ್ಕಿಂತ ವಿಸ್ತಾರವಾಗಿದ್ದು, ಬೀಟಾ-ಗ್ಯಾಮಾ-ಡೆಲ್ಟಾ ಎಂಬ ಸಂಕೀರ್ಣ ದರ್ಜೆಗೆ ಸೇರಿದ ಗುಂಪು ಎಕ್ಸ್ ದರ್ಜೆಯ ಜ್ವಾಲೆಯನ್ನು ಎಬ್ಬಿಸುವ ಸಂಭವ ಶೇಕಡಾ 40ಕ್ಕೆ ಸಮೀಪ.

ಶೇಕಡಾ 40! ಈ ಅಂಕಿಯ ಮುಂದೆ ಸ್ವಲ್ಪ ನಿಲ್ಲೋಣ. ಇದಕ್ಕಿಂತ ದೊಡ್ಡದೂ ತೊಡಕಿನದೂ ಆದ ವರ್ಗ ಆ ಪಟ್ಟಿಯಲ್ಲಿ ಇಲ್ಲ. ಆದಾಗ್ಯೂ ಅಂಥ ನೂರು ಗುಂಪುಗಳಲ್ಲಿ ಅರವತ್ತು, ಮಹಾಜ್ವಾಲೆ ಎಬ್ಬಿಸದೆಯೇ ಸಾಗಿಹೋಗುತ್ತವೆ. "ಅಪಾಯ ಬಂದೇ ಬರುತ್ತದೆ" ಎಂದವನೂ ತಪ್ಪು, "ಏನೂ ಆಗದು" ಎಂದವನೂ ತಪ್ಪು. ನಲವತ್ತು ಎನ್ನುವುದು ಅರೆಮನಸ್ಸಿನ ಉತ್ತರವಲ್ಲ. ಇಂದಿನ ಜ್ಞಾನಕ್ಕೆ ಅದೇ ಪೂರ್ಣವಾದ ಉತ್ತರ. ಜಗಳೂರಿನ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ರೋಹಿಣಿ, ಮೃಗಶಿರಾ ಮಳೆಗಳನ್ನು ನಂಬಿಯೂ ನಂಬದೆಯೂ ಅವನು ಮೆಕ್ಕೆಜೋಳದ ಬೀಜವನ್ನು ಒಮ್ಮೆಗೇ ಬಿತ್ತದೆ, ಒಂದಷ್ಟನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತಾನೆ. ಅವನ ಮಗ ನಮ್ಮ ಶಾಲೆಗೆ ಬಂದು ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ, ಸರಿ ಅಥವಾ ತಪ್ಪು ಎಂಬ ಎರಡೇ ಉತ್ತರಗಳು ಜಗತ್ತಿನಲ್ಲಿವೆಯೆಂದು ಕಲಿತು ಹೋಗುತ್ತಾನೆ. ತಂದೆಗಿದ್ದ ವಿವೇಕವನ್ನು ಮಗನಿಂದ ಕಸಿದುಕೊಂಡವರು ನಾವು ಎಂದರೆ ಮಾತು ಸ್ವಲ್ಪ ಕಟುವಾಗಬಹುದು, ಸುಳ್ಳಾಗಲಾರದು.

ಈ ಲೆಕ್ಕ ಎಷ್ಟು ನಾಜೂಕಿನದೆಂಬುದಕ್ಕೆ ಈಚಿನ ಮೂರು ನಿದರ್ಶನಗಳನ್ನು ಕೊಡುತ್ತೇನೆ. 2014ರ ಅಕ್ಟೋಬರಿನಲ್ಲಿ ಕಾಣಿಸಿಕೊಂಡ 12192 ಎಂಬ ಕ್ರಮಾಂಕದ ಗುಂಪು, 1990ರ ನಂತರ ಕಂಡ ಎಲ್ಲ ಗುಂಪುಗಳಿಗಿಂತ ದೊಡ್ಡದು. ತೊಡಕಿನದೂ ಹೌದು. ಅದು ಆರು ಎಕ್ಸ್ ಜ್ವಾಲೆಗಳನ್ನು ಎಬ್ಬಿಸಿತು. ಆದರೆ ಆ ಜ್ವಾಲೆಗಳೊಡನೆ ಸೂರ್ಯದ್ರವ್ಯದ ಮೋಡವೇನೂ ಹೊರಕ್ಕೆ ಚಿಮ್ಮಲಿಲ್ಲ. ಮೇಲೆ ಕವಿದಿದ್ದ ಬಲವಾದ ಕಾಂತಕ್ಷೇತ್ರ ಅದನ್ನು ಮುಚ್ಚಳದಂತೆ ಅದುಮಿತ್ತು. ಭೂಮಿಗೆ ಬಿರುಗಾಳಿ ಬರಲಿಲ್ಲ. 2017ರ ಸೆಪ್ಟೆಂಬರಿನ 12673ರ ಕಥೆಯೇ ಬೇರೆ. ಮೊದಲಿಗೆ ಅದು ಒಂಟಿಯಾದ, ಸಾಧುವಾದ ಆಲ್ಫಾ ಕಲೆ. ಸೂರ್ಯಚಕ್ರ ಇಳಿಮುಖವಾಗಿದ್ದ ಕಾಲ. ಯಾರೂ ಅದರತ್ತ ವಿಶೇಷ ಲಕ್ಷ್ಯ ಕೊಟ್ಟಿರಲಿಲ್ಲ. ಎರಡು ಮೂರು ದಿನಗಳಲ್ಲಿ ಅದರ ಪಕ್ಕದಲ್ಲಿಯೇ ಹೊಸ ಕಾಂತಕುಣಿಕೆಗಳು ಎದ್ದು ಅದು ಡೆಲ್ಟಾ ಆಯಿತು. 6ನೆಯ ತಾರೀಖು ಎಕ್ಸ್ 9.3ರ ಜ್ವಾಲೆ, ಆ ಹನ್ನೊಂದು ವರ್ಷಗಳ ಚಕ್ರದಲ್ಲಿಯೇ ಅತ್ಯಂತ ದೊಡ್ಡದು. ಮೂರನೆಯದು ಮೇಲೆ ಹೇಳಿದ 2024ರ ಮೇ ತಿಂಗಳಿನ 13664. ಅಡ್ಡಳತೆಯಲ್ಲಿ ಸುಮಾರು ಹದಿನೈದು ಭೂಮಿಗಳನ್ನು ಸಾಲಾಗಿ ಇಡಬಹುದಾದಷ್ಟು ವಿಸ್ತಾರ, ಬೀಟಾ-ಗ್ಯಾಮಾ-ಡೆಲ್ಟಾ ದರ್ಜೆ. ಅದರ ಜ್ವಾಲೆಗಳ ಜೊತೆಗೆ ದ್ರವ್ಯದ ಮೋಡಗಳೂ ಒಂದರ ಹಿಂದೊಂದು ಭೂಮಿಯತ್ತ ಧಾವಿಸಿ ಬಂದವು. ಬಿಂಬದ ಅಂಚಿಗೆ ಸರಿದ ಮೇಲೂ, 14ರಂದು, ಅದು ಎಕ್ಸ್ 8.7ರ ಜ್ವಾಲೆಯನ್ನು ಎಬ್ಬಿಸಿತು. ತೊಡಕು ಮೂರರಲ್ಲಿಯೂ ಇತ್ತು. ಫಲ ಮಾತ್ರ ಮೂರು ತೆರ.

"ಇದರಿಂದ ನಮಗೇನು?" ಎಂದು ದಾನಿಗಳಲ್ಲಿ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಜ್ವಾಲೆಯ ಬೆಳಕು ಎಂಟು ನಿಮಿಷ ಚಿಲ್ಲರೆಯಲ್ಲಿ ಭೂಮಿಗೆ ಬಂದು ಹಗಲಿನ ಭಾಗದ ದೂರಗಾಮಿ ರೇಡಿಯೋ ಸಂಪರ್ಕವನ್ನು ಕೆಡಿಸುತ್ತದೆ. ದ್ರವ್ಯದ ಮೋಡ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಅಂಥ ಬಿರುಗಾಳಿಯಿಂದ ವಿದ್ಯುಜ್ಜಾಲ ಕುಸಿದು 60 ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲೆಯಲ್ಲಿದ್ದರು. ಆದರೆ ಕ್ವಿಬೆಕ್ ಕಾಂತಧ್ರುವಕ್ಕೆ ಹತ್ತಿರ. ನಾವು ಕಾಂತೀಯ ಸಮಭಾಜಕಕ್ಕೆ ಹತ್ತಿರ. ದಾವಣಗೆರೆ ಜಿಲ್ಲೆಯ ವಿದ್ಯುತ್ ಕಂಬಗಳಿಗೆ ಆ ಬಗೆಯ ಗಂಡಾಂತರ ಬಹಳ ಕಡಿಮೆ. ಪಂಪ್‌ಸೆಟ್ಟಿನ ಸ್ಟಾರ್ಟರು ಸುಡುವುದಕ್ಕೆ ಸೂರ್ಯ ಬೇಕಾಗಿಲ್ಲ, ನಮ್ಮ ವೋಲ್ಟೇಜೇ ಸಾಕು! ನಮಗೆ ಸಂಬಂಧಿಸಿದ್ದು ಉಪಗ್ರಹಗಳು, ಮತ್ತು ಅವುಗಳ ಸಂಕೇತಗಳು ಹಾದುಬರುವ ಅಯಾನುಗೋಳ. 2022ರ ಫೆಬ್ರವರಿಯಲ್ಲಿ ಸಾಧಾರಣವಾದೊಂದು ಬಿರುಗಾಳಿಯಿಂದ ವಾತಾವರಣದ ಮೇಲ್ಪದರ ಉಬ್ಬಿದಾಗ, ಆಗತಾನೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ನಾಶವಾದವು. 2024ರ ಮೇ ತಿಂಗಳಿನಲ್ಲಿ ಅಮೆರಿಕದ ರೈತರ ಉಪಗ್ರಹಚಾಲಿತ ಟ್ರ್ಯಾಕ್ಟರುಗಳು ಬಿತ್ತನೆಯ ನಡುವೆ ಸಾಲು ತಪ್ಪಿದವು. ನಮ್ಮಲ್ಲಿಯೂ ಭೂಮಾಪಕರು ಸರಪಳಿಯನ್ನು ಕೆಳಗಿಟ್ಟು ಉಪಗ್ರಹದ ಸಂಕೇತ ಹಿಡಿಯುವ ರೋವರ್ ಎತ್ತಿಕೊಂಡಿದ್ದಾರೆ. ಹದ್ದುಬಸ್ತಿನ ಕಲ್ಲು ಎಲ್ಲಿ ನೆಡಬೇಕೆಂಬುದನ್ನು ಆಕಾಶ ಹೇಳುವ ಕಾಲವಿದು. ಅಂದು ಇಸ್ರೋದ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರು ಎಚ್ಚರದಿಂದ ಕಾದು ಕುಳಿತಿದ್ದರು. ಬಿರುಗಾಳಿಯ ಮುಖ್ಯ ಹೊಡೆತ ನಮ್ಮ ನಸುಕಿನ ವೇಳೆಯಲ್ಲಿ, ಅಯಾನುಗೋಳ ಇನ್ನೂ ಪೂರ್ಣವಾಗಿ ಬೆಳೆಯದಿದ್ದಾಗ ಬಿದ್ದುದರಿಂದ ಭಾರತಕ್ಕೆ ತೊಂದರೆ ಕಡಿಮೆಯಾಯಿತು.

ಸೂರ್ಯವೀಕ್ಷಣೆಯ ವಿಷಯದಲ್ಲಿ ನಾವು ಬಡವರಲ್ಲ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಛಾಯಾಚಿತ್ರಗಳನ್ನು ತೆಗೆಯುತ್ತ ಬಂದಿದ್ದಾರೆ. ಕಲೆಯ ಅರೆನೆರಳಿನಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಜಾನ್ ಎವರ್‌ಶೆಡ್ 1909ರಲ್ಲಿ ಕಂಡುಹಿಡಿದದ್ದು ಅಲ್ಲಿಯೇ. ಗೌರಿಬಿದನೂರಿನ ಬಯಲಿನಲ್ಲಿ ಸೂರ್ಯನ ರೇಡಿಯೋ ಅಲೆಗಳನ್ನು ಹಿಡಿಯುವ ಆಂಟೆನಾಗಳ ಸಾಲೇ ಇದೆ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ತಮ್ಮ ಯೌವನದಲ್ಲಿ ಮ್ಯಾರಿನರ್ 2 ನೌಕೆಯ ಮಾಹಿತಿಯಿಂದ, ಸೂರ್ಯನಿಂದ ಸೌರಮಾರುತ ಎಡೆಬಿಡದೆ ಬೀಸುತ್ತದೆಂಬುದನ್ನು ಸ್ಥಾಪಿಸಿದವರಲ್ಲಿ ಒಬ್ಬರು. ಅವರ ಹೆಸರನ್ನು ಹೊತ್ತ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ತಯಾರಾದ ಎರಡು ಕ್ಷಕಿರಣ ಉಪಕರಣಗಳು ಇಂದು ಆದಿತ್ಯ-ಎಲ್1 ನೌಕೆಯಲ್ಲಿ ಕುಳಿತು ಜ್ವಾಲೆಗಳನ್ನು ಅಳೆಯುತ್ತಿವೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆ ನೌಕೆ 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿತು. ಇಷ್ಟೆಲ್ಲ ನಮ್ಮ ರಾಜ್ಯದಲ್ಲಿಯೇ ನಡೆಯುತ್ತಿರುವಾಗ, ನಮ್ಮ ನಾಲ್ಕು ತಾಲ್ಲೂಕುಗಳ ಮಕ್ಕಳಲ್ಲಿ ಎಷ್ಟು ಮಂದಿ ಸೌರಕಲೆಯೊಂದನ್ನು ಒಮ್ಮೆಯಾದರೂ ಕಂಡಿದ್ದಾರೆ?

ನನ್ನ ಸಲಹೆ ಸರಳವಾದುದು. ಪ್ರತಿ ಶಾಲೆಗೆ ಒಂದು ಸಣ್ಣ ದೂರದರ್ಶಕ, ಒಂದು ಬಿಳಿಯ ರಟ್ಟು, ಒಂದು ದಪ್ಪನೆಯ ದಾಖಲೆ ಪುಸ್ತಕ. ದೂರದರ್ಶಕದ ಮೂಲಕ ಸೂರ್ಯನನ್ನು ಯಾರೂ ಕಣ್ಣಿಟ್ಟು ನೋಡಕೂಡದು. ಕ್ಷಣಮಾತ್ರದಲ್ಲಿ ದೃಷ್ಟಿ ಶಾಶ್ವತವಾಗಿ ಹೋಗುತ್ತದೆ. ಈ ಎಚ್ಚರಿಕೆಯನ್ನು ಉಪಕರಣದ ಮೇಲೆಯೇ ಕೆಂಪಕ್ಷರದಲ್ಲಿ ಬರೆಯಿಸಬೇಕು, ಉಪಾಧ್ಯಾಯರು ಹತ್ತಿರದಲ್ಲಿಯೇ ನಿಂತಿರಬೇಕು. ದೂರದರ್ಶಕದಿಂದ ಹೊರಬರುವ ಬಿಂಬವನ್ನು ರಟ್ಟಿನ ಮೇಲೆ ಬೀಳಿಸಿ, ಹದಿನೈದು ಸೆಂಟಿಮೀಟರ್ ಅಗಲದ ವೃತ್ತಕ್ಕೆ ಹೊಂದಿಸಿ, ಕಂಡ ಕಲೆಗಳನ್ನು ಪೆನ್ಸಿಲಿನಿಂದ ಗುರುತಿಸಿದರೆ ಆಯಿತು. ಆ ವೃತ್ತದಲ್ಲಿ ನಮ್ಮ ಭೂಮಿಯ ಗಾತ್ರ ಒಂದು ರಾಗಿಕಾಳು. ಸ್ಯಾಮಿಸ್ ಮತ್ತು ಸಂಗಡಿಗರು ಹೇಳಿದ ಸಾವಿರ ಭಾಗದ ಕಲೆಗುಂಪು ಬಿಂಬದ ನಡುವೆ ಇದ್ದರೆ ಒಂದು ಕಡಲೆಕಾಳಿನಷ್ಟು. ಕಾಂತಕ್ಷೇತ್ರವನ್ನು ಅಳೆಯುವ ಸಾಧನ ಶಾಲೆಗೆ ಬೇಡ. ಒಂದೇ ಅರೆನೆರಳಿನಲ್ಲಿ ಹಲವು ಕಪ್ಪು ತಿರುಳುಗಳು ಒತ್ತೊತ್ತಾಗಿ ಇವೆಯೇ, ನಿನ್ನೆಗಿಂತ ಇಂದು ಬೆಳೆದಿವೆಯೇ ಎಂಬುದು ರಟ್ಟಿನ ಮೇಲೆಯೇ ಸಾಕಷ್ಟು ತಿಳಿಯುತ್ತದೆ. ಕಾಂತೀಯ ದರ್ಜೆಯನ್ನು ವಿಜ್ಞಾನ ಸಂಸ್ಥೆಗಳು ದಿನವೂ ಪ್ರಕಟಿಸುತ್ತವೆ. ಚಿತ್ರ ಬರೆದಾದ ಮೇಲೆ ಅದನ್ನು ಹೋಲಿಸಿಕೊಳ್ಳಬಹುದು.

ಮುಖ್ಯವಾದುದು ಚಿತ್ರದ ಪಕ್ಕದ ಎರಡು ಅಂಕಣಗಳು. ಮೊದಲನೆಯದರಲ್ಲಿ ವಿದ್ಯಾರ್ಥಿ, ಮುಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಎಂ ದರ್ಜೆಯ ಅಥವಾ ಅದಕ್ಕಿಂತ ದೊಡ್ಡ ಜ್ವಾಲೆ ಏಳುವ ಸಂಭವ ಶೇಕಡಾ ಎಷ್ಟೆಂದು ತನ್ನ ಅಂದಾಜನ್ನು ಬರೆಯಬೇಕು. ಎರಡನೆಯದರಲ್ಲಿ ಮರುದಿನ, ನಡೆದದ್ದೇನೆಂದು ಬರೆಯಬೇಕು. ಒಂದು ದಿನದ ಉತ್ತರಕ್ಕೆ ಸರಿ ತಪ್ಪು ಹಾಕುವಂತಿಲ್ಲ. ಮೂವತ್ತು ಎಂದು ಬರೆದ ದಿನಗಳನ್ನೆಲ್ಲ ವರ್ಷಾಂತ್ಯದಲ್ಲಿ ಒಟ್ಟುಗೂಡಿಸಿ, ಹತ್ತಕ್ಕೆ ಮೂರು ದಿನ ಜ್ವಾಲೆ ಎದ್ದಿತೇ ಎಂದು ನೋಡಬೇಕು. ಹತ್ತಕ್ಕೆ ಏಳು ದಿನ ಎದ್ದಿದ್ದರೆ ಆ ಹುಡುಗ ಅಂಜುಬುರುಕ, ಒಂದೂ ಏಳದಿದ್ದರೆ ಬಡಾಯಿಕೋರ! ಇಲ್ಲೊಂದು ಸ್ವಾರಸ್ಯವಿದೆ. ಎಕ್ಸ್ ದರ್ಜೆಯ ಜ್ವಾಲೆಗಳು ಹನ್ನೊಂದು ವರ್ಷಗಳ ಒಂದು ಚಕ್ರದಲ್ಲಿ ಸರಾಸರಿ 140 ದಿನಗಳಲ್ಲಿ ಮಾತ್ರ ಏಳುತ್ತವೆ. ಆದುದರಿಂದ ದಿನವೂ "ಇಲ್ಲ" ಎಂದು ಬರೆಯುವ ಸೋಮಾರಿ ನೂರಕ್ಕೆ ತೊಂಬತ್ತಾರು ದಿನ ಸರಿಯಾಗಿರುತ್ತಾನೆ. ಬೇಕಾದ ಆ ನಾಲ್ಕು ದಿನ ಮಾತ್ರ ಯಾರಿಗೂ ಪ್ರಯೋಜನಕ್ಕೆ ಬರುವುದಿಲ್ಲ. ತೊಂಬತ್ತಾರು ಅಂಕ ತೆಗೆದವನು ಏನನ್ನೂ ಕಲಿತಿಲ್ಲದಿರಬಹುದು ಎಂಬುದು ಮಕ್ಕಳಿಗಿಂತ ಹೆಚ್ಚಾಗಿ ನಮ್ಮ ಉಪಾಧ್ಯಾಯ ಬಂಧುಗಳು ಯೋಚಿಸಬೇಕಾದ ಸಂಗತಿ.

ಪರೀಕ್ಷೆಗೆ ಬಾರದ ಈ ಕೆಲಸಕ್ಕೆ ವೇಳೆ ಎಲ್ಲಿ ಎಂದು ಆಕ್ಷೇಪಿಸುವವರಿದ್ದಾರೆ. ಬೆಳಗಿನ ಪ್ರಾರ್ಥನೆಯ ನಂತರ ಹತ್ತು ನಿಮಿಷ, ಇಬ್ಬರು ವಿದ್ಯಾರ್ಥಿಗಳು, ಅಷ್ಟೇ. ಮಳೆಗಾಲದಲ್ಲಿ ಮೋಡ ಮುಚ್ಚಿದರೆ ದಾಖಲೆ ಮುರಿಯುತ್ತದೆಂಬುದು ಇನ್ನೊಂದು ಆಕ್ಷೇಪಣೆ, ಇದರಲ್ಲಿ ತಥ್ಯವಿದೆ. ಮಲೆನಾಡಿನ ಸೆರಗಿನಲ್ಲಿರುವ ನ್ಯಾಮತಿ, ಹೊನ್ನಾಳಿ, ಚನ್ನಗಿರಿಗಳಲ್ಲಿ ಆಷಾಢ ಶ್ರಾವಣಗಳಲ್ಲಿ ಸೂರ್ಯದರ್ಶನವೇ ದುರ್ಲಭವಾಗುವ ದಿನಗಳುಂಟು. ಅದೇ ವೇಳೆಯಲ್ಲಿ ಜಗಳೂರಿನವರು ಬರಿದಾದ ಆಕಾಶವನ್ನು ನೋಡಿ ನಿಟ್ಟುಸಿರು ಬಿಡುತ್ತಿರುತ್ತಾರೆ. ಮಳೆಯ ವಿಷಯದಲ್ಲಿ ಸದಾ ಬೇಡುವ ಸ್ಥಾನದಲ್ಲಿರುವ ಆ ತಾಲ್ಲೂಕು ಈ ಒಂದು ವಿಷಯದಲ್ಲಿ ಕೊಡುವ ಸ್ಥಾನದಲ್ಲಿ ನಿಲ್ಲಲಿ. ಜಗಳೂರಿನ ಮಕ್ಕಳು ಬರೆದ ಚಿತ್ರಗಳು ಉಳಿದ ಮೂರು ಕಡೆಗೂ ಹೋಗಲಿ, ಬೇಸಗೆಯಲ್ಲಿ ಎಲ್ಲರೂ ತಮ್ಮತಮ್ಮ ಚಿತ್ರಗಳನ್ನು ಹೋಲಿಸಿ ನೋಡಲಿ. ಒಂದೇ ಸೂರ್ಯನನ್ನು ಒಂದೇ ಬೆಳಿಗ್ಗೆ ನಾಲ್ವರು ಬರೆದಾಗ ನಾಲ್ಕು ಚಿತ್ರಗಳು ಎಷ್ಟು ಬೇರೆಯಾಗುತ್ತವೆಂಬುದನ್ನು ಕಾಣುವುದೂ ಒಂದು ಪಾಠವೇ.

ದಾನಿಗಳಲ್ಲಿ ಒಂದು ಮಾತು. ತಾವು ಕೊಟ್ಟ ಹಣದಿಂದ ಕೊಠಡಿಗಳಾಗಿವೆ, ಕಮಾನುಗಳಾಗಿವೆ, ಕಪಾಟುಗಳಾಗಿವೆ; ಅದಕ್ಕಾಗಿ ನಾವೆಲ್ಲ ಋಣಿಗಳು. ಆದರೆ ಹಲವು ಕಡೆ ವಿಜ್ಞಾನದ ಕಪಾಟು ಬೀಗ ಹಾಕಿಯೇ ಇರುತ್ತದೆ. ಕೆಟ್ಟುಹೋದೀತೆಂಬ ಭಯದಿಂದ ಬೀಗದ ಕೈ ಯಾರ ಬಳಿ ಇದೆಯೆಂಬುದೂ ಮರೆತುಹೋಗಿರುತ್ತದೆ. ನಾನೂ ಅಂಥ ಬೀಗದ ಕೈಯನ್ನು ಹಲವು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದವನು. ಈ ಸಲ ಕೊಡುವ ದೂರದರ್ಶಕಕ್ಕೆ ಬೀಗ ಬೇಡ. ದಿನವೂ ಬಿಸಿಲಿಗೆ ಬಂದು ನಾಲ್ಕಾರು ವರ್ಷಗಳಲ್ಲಿ ಸವೆದುಹೋದರೆ ಅದು ತನ್ನ ಕೆಲಸ ಮಾಡಿತೆಂದೇ ಅರ್ಥ.

ಕಾಲವೂ ನಮಗೆ ಸ್ವಲ್ಪ ಅವಸರ ಹೇಳುತ್ತಿದೆ. ಈಗಿನ ಸೂರ್ಯಚಕ್ರ 2024ರ ಅಕ್ಟೋಬರಿನ ವೇಳೆಗೆ ತನ್ನ ಉನ್ನತಿಯ ಅವಧಿಯನ್ನು ಮುಟ್ಟಿದೆಯೆಂದು ವಿಜ್ಞಾನಿಗಳು ಘೋಷಿಸಿದರು; ಇನ್ನು ಕೆಲವು ವರ್ಷಗಳಲ್ಲಿ ಬಿಂಬ ದಿನಗಟ್ಟಲೆ ಶುಭ್ರವಾಗಿರುತ್ತದೆ. ಆದರೆ 2003ರಲ್ಲಿಯೂ 2017ರಲ್ಲಿಯೂ ಉಗ್ರಜ್ವಾಲೆಗಳು ಎದ್ದದ್ದು ಇಳಿಗಾಲದಲ್ಲಿಯೇ. ಈ ವರ್ಷ ಐದನೆಯ ತರಗತಿಯಲ್ಲಿರುವ ಮಗು ಮೊದಲ ಪುಟ ಬರೆದರೆ, ಅದು ಪ್ರೌಢಶಾಲೆ ಬಿಡುವ ಹೊತ್ತಿಗೆ ಕಲೆಗಳು ಕರಗಿ ಮತ್ತೆ ಮೂಡತೊಡಗುವುದನ್ನು ಅದೇ ಪುಸ್ತಕದಲ್ಲಿ ಕಾಣಬಹುದು.

ನನ್ನ ಬಳಿ ಎರಡು ಅಂಗುಲ ಅಗಲದ ಹಳೆಯ ದೂರದರ್ಶಕವೊಂದಿದೆ. ಕಾಲು ಸ್ವಲ್ಪ ಸಡಿಲ, ಮಸೂರ ಚೆನ್ನಾಗಿದೆ. ಜಗಳೂರಿನ ಶಾಲೆಯವರು ಒಪ್ಪಿದರೆ ಅದನ್ನೂ, ಅಡ್ಡಗೆರೆ ಎಳೆದು ಎರಡು ಅಂಕಣ ಹಾಕಿಸಿದ ಇನ್ನೂರು ಪುಟಗಳ ಪುಸ್ತಕವನ್ನೂ ಬೇಸಗೆ ರಜೆ ಮುಗಿದು ಶಾಲೆ ತೆರೆಯುವ ದಿನ ನಾನೇ ಬಸ್ಸಿನಲ್ಲಿ ತಂದು ಒಪ್ಪಿಸುತ್ತೇನೆ.